ಮಳೆಗಾಲಕ್ಕೆ ಮುನ್ನ ಸ್ಕ್ರ್ಯಾಪಿಗೊಂದು ಸೂರು: ಬೆಳಗಾವಿಯ ಫೌಂಡ್ರಿ ಮಾಲೀಕರಿಗೆ ಬಹಿರಂಗ ಪತ್ರ

ಗೆ,
ಬೆಳಗಾವಿಯ ಉದ್ಯಮಬಾಗ, ಮಚ್ಛೆ, ಹೊನಗಾ, ಕಾಕತಿ ಭಾಗಗಳ ಫೌಂಡ್ರಿ ಮಾಲೀಕರು ಮತ್ತು ವ್ಯವಸ್ಥಾಪಕರು

ಪ್ರತಿ: ಕಾರ್ಖಾನೆಗಳ ಸುರಕ್ಷತೆಯ ಹೊಣೆ ಹೊತ್ತ ಇಲಾಖೆಯ ಅಧಿಕಾರಿಗಳಿಗೆ

ವಿಷಯ: ಕರಗಿದ ಲೋಹಕ್ಕೆ ತೇವ ಸೇರಿ ಸಂಭವಿಸುವ ಸ್ಫೋಟಗಳನ್ನು ತಡೆಯುವ ಬಗ್ಗೆ

ಮಾನ್ಯರೆ,

ಮೃಗಶಿರಾ ಮಳೆ ಕೂಡಲು ಇನ್ನೂ ಎರಡು ತಿಂಗಳಿದೆ. ಅಷ್ಟರೊಳಗೆ ಒಂದು ತಗಡಿನ ಶೆಡ್ ಎಬ್ಬಿಸಬಹುದು ಎಂಬ ಲೆಕ್ಕದಿಂದಲೇ ಈ ಪತ್ರವನ್ನು ಈಗ ಬರೆಯುತ್ತಿದ್ದೇನೆ. ಜುಲೈಯಲ್ಲಿ ಬರೆದರೆ ‘ಮುಂದಿನ ವರ್ಷ ನೋಡೋಣ’ ಎನ್ನುತ್ತೀರಿ. ಆ ಮಾತನ್ನು ನೌಕರಿಯಲ್ಲಿ ಇರುವಷ್ಟು ಕಾಲವೂ ಕೇಳಿದ್ದೇನೆ.

ನಾನು ಈ ಊರಿನ ಫೌಂಡ್ರಿಗಳಲ್ಲಿ, ಅಂದರೆ ಲೋಹ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆಗಳಲ್ಲಿ, ಮೆಲ್ಟಿಂಗ್ ವಿಭಾಗದಲ್ಲಿ ದುಡಿದವನು. ಹೆಲ್ಪರ್ ಆಗಿ ಸೇರಿ, ಫರ್ನೇಸ್ (ಕರಗಿಸುವ ಭಟ್ಟಿ) ನಡೆಸುವುದನ್ನು ಕಲಿತು, ಮೇಲ್ವಿಚಾರಕನಾಗಿ ನಿವೃತ್ತನಾದೆ. ಈ ಉದ್ಯಮದ ಮೇಲೆ ನನಗೆ ದ್ವೇಷವಿಲ್ಲ, ನನ್ನ ಮನೆಯ ಒಲೆ ಉರಿದದ್ದೇ ನಿಮ್ಮ ಭಟ್ಟಿಗಳಿಂದ. 1888ರಲ್ಲಿ ಲಕ್ಷ್ಮಣರಾವ್ ಕಿರ್ಲೋಸ್ಕರರು ಸೈಕಲ್ ಅಂಗಡಿ ತೆರೆದು, ಮುಂದೆ ಕಬ್ಬಿಣದ ನೇಗಿಲಿಗೆ ಕೈ ಹಾಕಿದ ಊರು ಇದು. ಇಂದು ಇಲ್ಲಿ ಎರಕ ಹೊಯ್ದ ಭಾಗಗಳು ಟ್ರ್ಯಾಕ್ಟರ್, ಪಂಪು, ವಾಲ್ವುಗಳಲ್ಲಿ ಕುಳಿತು ದೇಶವನ್ನೆಲ್ಲ ಸುತ್ತುತ್ತಿವೆ. ಆ ಹೆಮ್ಮೆಯಲ್ಲಿ ನನಗೂ ಪಾಲಿದೆ. ಹೀಗಾಗಿ ಹೊರಗಿನವನು ತಪ್ಪು ಹುಡುಕಲು ಬಂದಿದ್ದಾನೆ ಎಂದುಕೊಳ್ಳದೆ ಓದಬೇಕೆಂದು ಕೋರುತ್ತೇನೆ.

ನನ್ನ ದೂರು ಒಂದೇ. ಫರ್ನೇಸ್ ‘ಹಾರಿದಾಗಲೆಲ್ಲ’ ನಾವು ಫರ್ನೇಸಿನ ಮುಂದೆ ನಿಂತವನ ತಪ್ಪನ್ನು ಹುಡುಕುತ್ತೇವೆ. ಆ ಸ್ಫೋಟ ತಯಾರಾಗಿರುವುದು ಅದಕ್ಕೂ ಎಷ್ಟೋ ದಿನ ಮೊದಲು, ಕಾಂಪೌಂಡಿನ ಮೂಲೆಯಲ್ಲಿ ಮಳೆಗೆ ನೆನೆಯುತ್ತಾ ಬಿದ್ದಿರುವ ಸ್ಕ್ರ್ಯಾಪಿನ ರಾಶಿಯಲ್ಲಿ. ಆ ರಾಶಿಯನ್ನು ಎಲ್ಲಿ ಹಾಕಬೇಕು, ಯಾರಿಂದ ಕೊಳ್ಳಬೇಕು, ಎಷ್ಟು ಹೊತ್ತು ಒಣಗಿಸಬೇಕು ಎಂದು ತೀರ್ಮಾನಿಸುವವರು ನೀವು. ಅದನ್ನು ಎತ್ತಿ ಒಳಗೆ ಹಾಕುವವನಿಗೆ ಇದರಲ್ಲಿ ಒಂದು ತೀರ್ಮಾನವೂ ಇಲ್ಲ.

ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಆ ಘಟಕದ ಹೆಸರನ್ನು ಬರೆಯುವುದಿಲ್ಲ, ಬರೆದರೆ ಉಳಿದವರೆಲ್ಲ ಇದು ತಮ್ಮ ಮಾತಲ್ಲ ಎಂದುಕೊಂಡು ಪತ್ರವನ್ನು ಮಡಚಿಡುತ್ತೀರಿ.

ಜುಲೈ ತಿಂಗಳು, ರಾತ್ರಿ ಪಾಳಿ. ಹಿಂದಿನ ವಾರವಿಡೀ ಜಿಟಿಜಿಟಿ ಮಳೆ. ಅರ್ಧ ಟನ್ನಿನ, ವಿದ್ಯುತ್ತಿನಿಂದ ಕಾಯುವ ಇಂಡಕ್ಷನ್ ಫರ್ನೇಸ್. ಮೊದಲ ಹೀಟ್, ಅಂದರೆ ಒಂದು ಸಲಕ್ಕೆ ಕರಗಿಸಿದ ಲೋಹ, ಹೊಯ್ದು ಮುಗಿದು, ತಳದಲ್ಲಿ ಒಂದಿಷ್ಟು ದ್ರವ ಲೋಹ ಉಳಿಸಿಕೊಂಡು, ಎರಡನೆಯ ಹೀಟಿಗೆ ಚಾರ್ಜಿಂಗ್ (ಮಾಲು ತುಂಬುವ ಕೆಲಸ) ನಡೆದಿತ್ತು. ಅಂಗಳದಿಂದ ಕೈಗಾಡಿಯಲ್ಲಿ ಸ್ಕ್ರ್ಯಾಪ್ ಬರುತ್ತಿತ್ತು. ಖಾನಾಪುರ ಕಡೆಯ ಹುಡುಗನೊಬ್ಬ ಅದನ್ನು ಎತ್ತಿ ಎತ್ತಿ ಒಳಗೆ ಹಾಕುತ್ತಿದ್ದ. ಒಂದು ತುಂಡು ಒಳಗೆ ಹೋಯಿತು, ಮುಳುಗಿತು. ಆಮೇಲೆ ನಾನು ಕೇಳಿದ ಸದ್ದಿಗೆ ಕಿವಿ ಇಡೀ ರಾತ್ರಿ ಗುಂಯ್‌ಗುಟ್ಟಿತು. ಫರ್ನೇಸಿನಲ್ಲಿ ಇದ್ದ ಲೋಹದ ಒಂದು ಪಾಲು ನೆಟ್ಟಗೆ ಮೇಲಕ್ಕೆ ಹೋಗಿ ಚಾವಣಿಯ ತಗಡಿಗೆ ಬಡಿದು, ಅಲ್ಲಿಂದ ನಮ್ಮೆಲ್ಲರ ಮೇಲೆ ಸುರಿಯಿತು. ಹುಡುಗನ ಬಲಗಾಲಿನ ಬೂಟಿನೊಳಗೆ ಲೋಹ ಇಳಿಯಿತು. ಅದು ಲೇಸ್ ಕಟ್ಟುವ ಬೂಟು. ಗಂಟು ಬಿಚ್ಚಲು ಹೋದವನ ಬೆರಳು ಸುಟ್ಟವು. ಕೊನೆಗೆ ಪ್ಯಾಟರ್ನ್ ಶಾಪಿನಿಂದ ಚಾಕು ತಂದು ಬೂಟನ್ನು ಸೀಳಬೇಕಾಯಿತು. ಅಷ್ಟು ಹೊತ್ತೂ ಲೋಹ ಒಳಗೇ ಇತ್ತು.

ಬೆಳಕು ಹರಿದ ಮೇಲೆ ನಾವು ಕೆಲವರು ಅದೇ ಕೈಗಾಡಿಯಲ್ಲಿ ಉಳಿದಿದ್ದ ತುಂಡುಗಳನ್ನು ತಿರುವಿ ನೋಡಿದೆವು. ಗೇಣುದ್ದದ ಹಳೆಯ ನೀರಿನ ಪೈಪುಗಳು. ಒಂದು ತುದಿ ಗ್ಯಾಸ್ ಕಟಿಂಗಿನಲ್ಲಿ ಕರಗಿ ಮುಚ್ಚಿಹೋಗಿತ್ತು, ಇನ್ನೊಂದರಲ್ಲಿ ಮಣ್ಣು ಗಟ್ಟಿಯಾಗಿ ಕೂತಿತ್ತು. ಹೊರಗಿನಿಂದ ಮುಟ್ಟಿದರೆ ಒಣ ಕಬ್ಬಿಣ. ಮಣ್ಣನ್ನು ಕಡ್ಡಿಯಿಂದ ಕೆದಕಿ ಬಗ್ಗಿಸಿದರೆ ತುಕ್ಕಿನ ಕೆಂಪು ನೀರು ಸುರಿಯಿತು. ಹುಡುಗ ಬದುಕಿದ. ಕಾಲಿನ ಎರಡು ಬೆರಳು ಹೋದವು. ಘಟಕದ ರಿಜಿಸ್ಟರಿನಲ್ಲಿ ಕಾರಣದ ಕಲಮಿನ ಎದುರು ‘ಕಾರ್ಮಿಕನ ಅಜಾಗರೂಕತೆ’ ಎಂದು ಬರೆದರು.

ಗಾಡಿಯಲ್ಲಿ ಬಂದದ್ದನ್ನು ಅವನು ಎತ್ತಿ ಹಾಕಿದ. ಇನ್ನೇನು ಮಾಡಬೇಕಿತ್ತು?

ನಿಮ್ಮಲ್ಲಿ ಅನೇಕರು ಇಂಜಿನಿಯರುಗಳು. ಆದರೂ ಈ ವಿಷಯದಲ್ಲಿ ಒಂದು ತಪ್ಪು ಧೈರ್ಯ ನಮ್ಮ ಶಾಪುಗಳಲ್ಲಿ ಬೇರೂರಿದೆ ಎಂಬ ಕಾರಣಕ್ಕೆ ಮೂಲದಿಂದ ಹೇಳುತ್ತೇನೆ. ಕರಗಿದ ಕಬ್ಬಿಣದ ಮೇಲೆ ನಾಲ್ಕು ಹನಿ ನೀರು ಬಿದ್ದರೆ ಚುರ್ ಎಂದು ಆವಿಯಾಗಿ ಹೋಗುತ್ತದೆ. ಎಲ್ಲರೂ ನೋಡಿದ್ದಾರೆ. ಅದನ್ನು ನೋಡಿದವನು ‘ನೀರಿಗೆ ಏನೂ ಆಗುವುದಿಲ್ಲ ಬಿಡಿ’ ಎನ್ನುತ್ತಾನೆ. ಮೇಲೆ ಬಿದ್ದ ನೀರಿಗೆ ಹೋಗಲು ದಾರಿ ಇದೆ. ಲೋಹದ ಕೆಳಗೆ ಅಥವಾ ಒಳಗೆ ಸಿಕ್ಕಿಬಿದ್ದ ನೀರಿಗೆ ದಾರಿ ಇಲ್ಲ. ಒಂದು ಲೀಟರ್ ನೀರು ಕುದಿದು ಹಬೆಯಾದರೆ ಸುಮಾರು 1,700 ಲೀಟರ್ ಜಾಗ ಬೇಡುತ್ತದೆ. ಅದೂ ನೂರು ಡಿಗ್ರಿಯ ಹಬೆಯ ಲೆಕ್ಕ. ನಮ್ಮ ಲೋಹ 1,400 ಡಿಗ್ರಿ ದಾಟಿರುತ್ತದೆ. ಅಲ್ಲಿ ಸಿಕ್ಕ ಹಬೆ ಅದರ ನಾಲ್ಕು ಪಟ್ಟಿಗೂ ಮೀರಿ ಹಿಗ್ಗಲು ನೋಡುತ್ತದೆ. ಚಹಾದ ಚಮಚೆಯಲ್ಲಿ ಹಿಡಿಯುವ ನೀರು, ಅಂದರೆ ಐದು ಮಿಲಿಲೀಟರ್, ಕಣ್ಣು ಮಿಟುಕಿಸುವುದರೊಳಗೆ ಎರಡು ಕೊಡ ತುಂಬಿ ಮಿಕ್ಕುವಷ್ಟು ಹಬೆಯಾಗುತ್ತದೆ. ಮೇಲಿರುವ ಲೋಹವನ್ನು ಎತ್ತಿ ಎಸೆಯದೆ ಅದಕ್ಕೆ ಬೇರೆ ಗತಿಯಿಲ್ಲ.

ಅಲ್ಯುಮಿನಿಯಂ ಕರಗಿಸುವ ಸಣ್ಣ ಘಟಕದವರು ತಮ್ಮದು ಬರೀ 660 ಡಿಗ್ರಿಗೆ ಕರಗುವ ಲೋಹ, ಕಬ್ಬಿಣದಷ್ಟು ಭಯವಿಲ್ಲ ಎಂದುಕೊಂಡಿದ್ದಾರೆ. ಅಲ್ಲಿ ಹಬೆಯ ಜೊತೆಗೆ ಇನ್ನೊಂದು ಕಾಟವಿದೆ. ಕರಗಿದ ಅಲ್ಯುಮಿನಿಯಂ ನೀರಿನಿಂದ ಆಮ್ಲಜನಕವನ್ನು ಕಿತ್ತುಕೊಂಡು ಜಲಜನಕವನ್ನು ಬಿಡುತ್ತದೆ, ಅದು ಉರಿಯುತ್ತದೆ. ಹಬ್ಬಕ್ಕೆ ಹೊಸ ಪಾತ್ರೆ ಮಾಡುವ ಗೂಡುಗಳಿಂದ ಹಿಡಿದು ಮೋಟಾರಿನ ಭಾಗ ಮಾಡುವ ಘಟಕಗಳವರೆಗೆ ಯಾರೂ ಇದಕ್ಕೆ ಹೊರತಲ್ಲ.

ಇನ್ನು ನೀರು ಒಳಗೆ ಹೋಗುವ ದಾರಿಗಳು. ಮುಚ್ಚಿದ ಪೈಪನ್ನು ಆಗಲೇ ಹೇಳಿದೆ. ಶಾಕ್ ಅಬ್ಸಾರ್ಬರ್, ಹೈಡ್ರಾಲಿಕ್ ಸಿಲಿಂಡರ್, ಬಾಯಿ ಬಿಗಿದ ಡಬ್ಬ, ಇವೆಲ್ಲ ಅದೇ ಜಾತಿ, ನೀರಿಲ್ಲದಿದ್ದರೆ ಎಣ್ಣೆ ಇರುತ್ತದೆ. ಒತ್ತಿ ಕಟ್ಟಿದ ಬೇಲುಗಳ ಹೊಟ್ಟೆಯಲ್ಲಿ ಏನಿದೆ ಎಂದು ಯಾರಿಗೂ ಕಾಣಿಸುವುದಿಲ್ಲ. ಲೇಥ್‌ನಿಂದ ಬರುವ ಬೋರಿಂಗ್ (ಲೋಹದ ಚೂರು) ಕೂಲಂಟ್ ಎಣ್ಣೆಯಲ್ಲಿ ನೆನೆದಿರುತ್ತದೆ, ಆ ಕೂಲಂಟಿನಲ್ಲಿ ಹೆಚ್ಚಿನ ಪಾಲು ನೀರೇ. ಪಿಗ್ ಐರನ್ (ಕಚ್ಚಾ ಕಬ್ಬಿಣ) ಗಟ್ಟಿಯ ಮೇಲಿನ ಸಣ್ಣ ಗುಳಿಯಲ್ಲಿಯೂ ನೀರು ನಿಲ್ಲುತ್ತದೆ. ದಪ್ಪ ತುಕ್ಕು ಹಿಡಿದ ಕಬ್ಬಿಣ ಮುಟ್ಟಲು ಒಣಗಿದಂತೆ ಇದ್ದರೂ ತುಕ್ಕಿನೊಳಗೇ ತೇವವನ್ನು ಹಿಡಿದಿಟ್ಟುಕೊಂಡಿರುತ್ತದೆ.

ಸ್ಕ್ರ್ಯಾಪ್ ಒಂದೇ ಎಂದು ತಿಳಿಯಬೇಡಿ. ಬಾಯಿ ಬಿಚ್ಚಿದ ಚೀಲದಲ್ಲಿ ಮಳೆಗಾಲವಿಡೀ ಕೂತ ಕಾರ್ಬರೈಸರ್ (ಇಂಗಾಲದ ಪುಡಿ), ಫೆರೋಸಿಲಿಕಾನ್ (ಕಬ್ಬಿಣ-ಸಿಲಿಕಾನ್ ಮಿಶ್ರಲೋಹ) ತೇವ ಹೀರಿರುತ್ತವೆ. ಅವನ್ನು ಹಾಕುವುದು ನೇರ ದ್ರವ ಲೋಹಕ್ಕೆ. ಸ್ಲ್ಯಾಗ್ (ಲೋಹದ ಮೇಲೆ ತೇಲುವ ಕಿಟ್ಟ) ಎಳೆಯುವ ಸಲಾಕೆ, ಸ್ಯಾಂಪಲ್ ತೆಗೆಯುವ ಚಮಚ, ಬೆಳಗಿನ ಇಬ್ಬನಿಯಲ್ಲಿ ಹೊರಗೆ ಬಿದ್ದಿದ್ದವನ್ನು ತಂದು ಹಾಗೆಯೇ ಅದ್ದಿದರೆ ಮುಖದ ಮೇಲೆಯೇ ಎರಚುತ್ತದೆ. ಹಳೆಯ ಆಪರೇಟರುಗಳು ಸಲಾಕೆಯನ್ನು ಫರ್ನೇಸಿನ ಬಾಯಿಯ ಮೇಲೆ ಒಂದಿಷ್ಟು ಹೊತ್ತು ಹಿಡಿದು ಕಾಯಿಸಿಯೇ ಅದ್ದುತ್ತಿದ್ದರು. ಹೊಸ ಹುಡುಗರಿಗೆ ಅದನ್ನು ಕಲಿಸಲು ಈಗ ಯಾರಿಗೂ ಪುರಸೊತ್ತಿಲ್ಲ.

ಲ್ಯಾಡಲ್, ಅಂದರೆ ಕರಗಿದ ಲೋಹವನ್ನು ಒಯ್ದು ಹೊಯ್ಯುವ ಪಾತ್ರೆಯ ವಿಷಯದಲ್ಲಿ ನಾನು ಕಂಡ ಅವಸರ ಹೇಳತೀರದು. ಒಳಗಿನ ಲೈನಿಂಗ್ (ಶಾಖ ತಡೆಯುವ ಪದರ) ಕಿತ್ತುಹೋಗಿರುತ್ತದೆ, ಮಧ್ಯಾಹ್ನ ಹಸಿ ಮಣ್ಣಿನಿಂದ ಪ್ಯಾಚ್ ಮಾಡುತ್ತಾರೆ, ಸಂಜೆಗೆ ಲೋಹ ಬೇಕು. ಬರ್ನರ್ ಹಚ್ಚಿ ಹತ್ತು ನಿಮಿಷ ಇಟ್ಟರೆ ಮೇಲ್ಮೈ ಒಣಗಿ ಬೆಳ್ಳಗಾಗುತ್ತದೆ, ಒಳಗೆ ತೇವ ಹಾಗೆಯೇ ಕೂತಿರುತ್ತದೆ. ಲ್ಯಾಡಲ್ಲಿನ ಹೊರಗಿನ ತಗಡಿಗೆ ಸಣ್ಣ ತೂತುಗಳನ್ನು ಕೊರೆಯುವುದು ಆ ಹಬೆ ಹೊರಗೆ ಹೋಗಲೆಂದೇ. ಆ ತೂತುಗಳು ಮಣ್ಣು, ಲೋಹದ ಚೂರು ಮೆತ್ತಿಕೊಂಡು ಮುಚ್ಚಿಹೋಗಿರುವ ಲ್ಯಾಡಲ್ಲುಗಳನ್ನು ಎಷ್ಟೋ ಕಡೆ ನೋಡಿದ್ದೇನೆ. ಒಳಮೈ ಕೆಂಪಗೆ ಕಾಯುವವರೆಗೆ ಲ್ಯಾಡಲ್ಲಿಗೆ ಲೋಹ ಬೀಳಬಾರದು. ಇದಕ್ಕೆ ಯಂತ್ರ ಬೇಕಿಲ್ಲ, ಇನ್ನೊಂದು ಲ್ಯಾಡಲ್ ಬೇಕು. ಒಂದು ಕೆಲಸದಲ್ಲಿದ್ದಾಗ ಇನ್ನೊಂದು ಕಾಯುತ್ತಿರಬೇಕು. ಆ ಇನ್ನೊಂದನ್ನು ಕೊಳ್ಳುವವರು ನೀವೇ.

ಇಂಡಕ್ಷನ್ ಫರ್ನೇಸಿನ ಒಳಗಿನ ಮಾತು ಇನ್ನೂ ಭಯಂಕರ. ಲೋಹಕ್ಕೂ ತಾಮ್ರದ ಕಾಯಿಲಿಗೂ (ಸುರುಳಿ ಸುತ್ತಿದ ಕೊಳವೆ) ನಡುವೆ ಇರುವುದು ಕೆಲವು ಅಂಗುಲ ಸಿಲಿಕಾ ಲೈನಿಂಗ್. ಆ ಕಾಯಿಲಿನ ಕೊಳವೆಯೊಳಗೆ ಹಗಲೂ ರಾತ್ರಿ ನೀರು ಹರಿಯುತ್ತಿರುತ್ತದೆ. ಲೈನಿಂಗ್ ಸವೆದು ಬಿರುಕು ಬಿಟ್ಟು ಲೋಹ ಕಾಯಿಲನ್ನು ಮುಟ್ಟಿದರೆ ಮುಂದಿನದನ್ನು ನಾನು ಬರೆಯಬೇಕಾಗಿಲ್ಲ. ಅದಕ್ಕೆ ಮುಂಚೆ ಎಚ್ಚರಿಸಲು ಗ್ರೌಂಡ್ ಲೀಕೇಜ್ ಡಿಟೆಕ್ಟರ್ ಎಂಬ ಸಾಧನವಿದೆ. ಅದು ಪದೇ ಪದೇ ಟ್ರಿಪ್ ಆಗುತ್ತದೆ, ಉತ್ಪಾದನೆ ನಿಲ್ಲುತ್ತದೆ ಎಂದು ಅದರ ತಂತಿಯನ್ನೇ ಬಿಚ್ಚಿಟ್ಟ ಪ್ಯಾನೆಲನ್ನು ನಾನು ನೋಡಿದ್ದೇನೆ. ಮಳೆಗಾಲದಲ್ಲಿ ಫರ್ನೇಸಿನ ಕೆಳಗಿನ ಗುಂಡಿಗೆ ನೆಲದೊಳಗಿನ ನೀರು ಜಿನುಗುತ್ತದೆ. ಲೋಹ ಸೋರಿದರೆ ಹಿಡಿಯಲೆಂದು ತೋಡಿದ ಗುಂಡಿಯಲ್ಲಿ ನೀರು ನಿಂತರೆ ಅದು ರಕ್ಷಣೆ ಹೇಗಾದೀತು? ಮೇಲಿನ ತಗಡು ಸೋರುವುದಂತೂ ಬೆಳಗಾವಿಯಲ್ಲಿ ಹೊಸ ಸುದ್ದಿಯಲ್ಲ. ಎರಕ ಹೊಯ್ಯುವ ಜಾಗದ ಬರಿಯ ಕಾಂಕ್ರೀಟ್ ನೆಲವೂ ಒಳಗೆ ತೇವ ಹಿಡಿದಿರುತ್ತದೆ. ಲೋಹ ಚೆಲ್ಲಿದರೆ ಕಾಂಕ್ರೀಟೇ ಸಿಡಿದು ಮೇಲೇಳುತ್ತದೆ. ಒಣ ಮರಳು ಹರಡಿದರೆ ಸಾಕು, ಮರಳಿಗೆ ನಮ್ಮಲ್ಲಿ ಕೊರತೆಯಿಲ್ಲವಲ್ಲ!

ಒಂದು ಮಾತು ನೆನಪಾಗುತ್ತದೆ. ಖಂಡೇನವಮಿಯ ಪೂಜೆಯ ದಿನ ಭಟ್ಟಿಯ ಮುಂದೆ ಕಾಯಿ ಒಡೆಯುವಾಗ ನಮ್ಮ ಹಿರಿಯ ಆಪರೇಟರ್ ನಾಲ್ಕು ಹೆಜ್ಜೆ ಹಿಂದೆ ಸರಿದು, ತಂಬಿಗೆ ಹಿಡಿದು, ಕಾಯಿಯ ನೀರಿನ ಒಂದು ಹನಿಯೂ ಭಟ್ಟಿಯ ಬಾಯಿಯತ್ತ ಸಿಡಿಯದಂತೆ ಒಡೆಯುತ್ತಿದ್ದರು. ಅಂದು ಭಟ್ಟಿ ತಣ್ಣಗಿರುತ್ತಿತ್ತು, ಒಳಗೆ ಲೋಹವೇ ಇರುತ್ತಿರಲಿಲ್ಲ. ಆದರೂ ಅಷ್ಟು ಎಚ್ಚರ. ಮರುದಿನದಿಂದ ನೆನೆದ ಸ್ಕ್ರ್ಯಾಪನ್ನು ಗಾಡಿಗಟ್ಟಲೆ ಸುರಿಯುವವರೂ ನಾವೇ.

ಕಾರ್ಮಿಕನೇ ನೋಡಿ ಹಾಕಬೇಕಪ್ಪ ಎನ್ನುವವರಿಗೆ ಒಂದು ಪ್ರಶ್ನೆ. ಚಾರ್ಜಿಂಗ್ ಮಾಡುವ ತಂಡಕ್ಕೆ ನೀವು ಕೊಡುವ ಕೂಲಿ ಯಾವ ಲೆಕ್ಕದ್ದು? ಬಹಳ ಕಡೆ ಅದು ಟನ್ನಿನ ಲೆಕ್ಕ, ಅದೂ ಗುತ್ತಿಗೆದಾರನ ಮೂಲಕ. ಒಂದು ತುಂಡನ್ನು ಪಕ್ಕಕ್ಕೆ ತೆಗೆದಿಡುವುದೆಂದರೆ ಅವನ ಪಾಲಿಗೆ ಅಷ್ಟು ತೂಕದ ಕೂಲಿಯನ್ನು ಬಿಟ್ಟಂತೆ. ಅದರ ಮೇಲೆ ‘ಹೀಟ್ ತಡವಾಯಿತು’ ಎಂಬ ಬೈಗುಳ. ವಿದ್ಯುತ್ ಅಗ್ಗವೆಂದು ಕರಗಿಸುವುದೆಲ್ಲ ರಾತ್ರಿಗೆ, ಆ ಹೊತ್ತಿನಲ್ಲಿ ಅಂಗಳದಲ್ಲಿ ಇರುವುದು ಒಂದೇ ಬಲ್ಬು. ಕೆಲಸಗಾರರಲ್ಲಿ ಖಾನಾಪುರ, ಬೈಲಹೊಂಗಲದವರ ಜೊತೆಗೆ ಬಿಹಾರ, ಒಡಿಶಾದಿಂದ ಬಂದವರೂ ಇದ್ದಾರೆ. ಗೋಡೆಯ ಮೇಲಿನ ಎಚ್ಚರಿಕೆಯ ಫಲಕ ಇಂಗ್ಲಿಷಿನಲ್ಲಿದೆ. ಇಂಥಲ್ಲಿ ಯಾರ ಅಜಾಗರೂಕತೆಯನ್ನು ರಿಜಿಸ್ಟರಿನಲ್ಲಿ ಬರೆಯಬೇಕು?

ಮಾರ್ಚ್ 4ರ ರಾಷ್ಟ್ರೀಯ ಸುರಕ್ಷತಾ ದಿನದಂದು ಬ್ಯಾನರ್ ಕಟ್ಟಿ ಪ್ರತಿಜ್ಞೆ ಬೋಧಿಸುತ್ತೀರಿ. ತಪ್ಪಲ್ಲ. ಆದರೆ ನಾನು ಕೇಳಿದ ಭಾಷಣಗಳೆಲ್ಲ ಹೆಲ್ಮೆಟ್, ಕೈಗವಸುಗಳಿಂದ ಆಚೆ ಹೋಗಲೇ ಇಲ್ಲ. ಹೆಲ್ಮೆಟ್ ಬೇಕು, ಮುಖಕ್ಕೆ ಶೀಲ್ಡ್ ಬೇಕು, ಅಲ್ಯುಮಿನಿಯಂ ಲೇಪದ ಕೋಟು ಬೇಕು, ಲೇಸ್ ಇಲ್ಲದ, ಒಂದೇಟಿಗೆ ಕಿತ್ತೆಸೆಯಬಹುದಾದ ಬೂಟು ಮತ್ತು ಅದರ ಮೇಲೆ ಚರ್ಮದ ಕಾಲುಗವಸು ಬೇಕು. ಪಾಲಿಯೆಸ್ಟರ್ ಅಂಗಿ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ, ಯುನಿಫಾರ್ಮಿನ ಬಟ್ಟೆಯನ್ನು ಬೆಲೆ ನೋಡಿ ಆರಿಸಬೇಡಿ. ಇಷ್ಟೆಲ್ಲ ಕೊಟ್ಟರೂ ಇವು ಹಾರಿದ ಲೋಹವನ್ನು ತಡೆಯುವ ಸಾಧನಗಳಷ್ಟೆ. ಲೋಹ ಹಾರದಂತೆ ತಡೆಯುವ ಸಾಧನ ಸ್ಕ್ರ್ಯಾಪಿನ ಮೇಲಿನ ಸೂರು.

ನಮ್ಮ ಸೀಮೆಯ ರೈತ ಮಿರಗ ಬರುವುದಕ್ಕೆ ಮೊದಲು ಮೇವಿನ ಬಣವೆಗೆ ಹೊದಿಕೆ ಹಾಕುತ್ತಾನೆ, ನೆನೆದ ಮೇವು ಎತ್ತಿಗೆ ಆಗದು ಎಂದು ಅವನಿಗೆ ಗೊತ್ತು. ಕೋಟಿಗಟ್ಟಲೆ ವಹಿವಾಟು ನಡೆಸುವವರಿಗೆ ಅಷ್ಟೂ ಆಗುವುದಿಲ್ಲವೇ?

ಹಣದ ಮಾತನ್ನೇ ಆಡೋಣ, ಅದು ಬೇಗ ಮುಟ್ಟುತ್ತದೆ. ಸ್ಕ್ರ್ಯಾಪ್ ಕೊಳ್ಳುವುದು ತೂಕದ ಮೇಲೆ. ನೆನೆದ ಲಾರಿ ವೇಬ್ರಿಡ್ಜ್ ಹತ್ತಿದರೆ ನೀವು ನೀರಿಗೂ ಕಬ್ಬಿಣದ ದರ ಕೊಡುತ್ತೀರಿ. ಆಮೇಲೆ ಆ ನೀರನ್ನು ಆವಿಮಾಡಲು ವಿದ್ಯುತ್ತಿಗೂ ದುಡ್ಡು ಕೊಡುತ್ತೀರಿ. ಒಂದು ಟನ್ ಕಬ್ಬಿಣ ಕರಗಿಸಲು ಸುಮಾರು 600 ಯುನಿಟ್ ಸುಡುವ ನಮ್ಮ ಕಸುಬಿನಲ್ಲಿ ಒಂದೊಂದು ಯುನಿಟ್ಟಿಗೂ ಲೆಕ್ಕ ಇಡುವವರು ನೀವು. ತೇವದಿಂದ ಲೋಹದೊಳಗೆ ಸೇರುವ ಜಲಜನಕ ಎರಕದಲ್ಲಿ ಸೂಜಿಮೊನೆಯಂಥ ತೂತುಗಳಾಗಿ ಉಳಿಯುತ್ತದೆ. ಅವು ಮಷಿನಿಂಗ್ ಮಾಡಿದ ಮೇಲೆ ಕಾಣಿಸಿ, ಗಿರಾಕಿಯ ಅಂಗಳದಿಂದ ಮಾಲು ಹಿಂದಕ್ಕೆ ಬರುತ್ತದೆ. ರಿಜೆಕ್ಷನ್ ಏರಿದಾಗ ಮೋಲ್ಡಿಂಗ್ ವಿಭಾಗದವರನ್ನು ನಿಲ್ಲಿಸಿ ಕೇಳುತ್ತೀರಿ. ಒಮ್ಮೆ ಸ್ಕ್ರ್ಯಾಪ್ ರಾಶಿಯ ಹತ್ತಿರವೂ ಹೋಗಿ ನಿಂತು ನೋಡಿ.

ಈಗ ನನ್ನ ಬೇಡಿಕೆಗಳು. ಮೊದಲನೆಯದು ಶೆಡ್. ಸ್ಕ್ರ್ಯಾಪಿನ ರಾಶಿಯ ಮೇಲೆ ತಗಡು, ಕೆಳಗೆ ನೀರು ಹರಿದುಹೋಗುವಂತೆ ಇಳಿಜಾರಿನ ಗಟ್ಟಿ ನೆಲ. ಜಾಗವೇ ಇಲ್ಲವೆನ್ನುವ ಸಣ್ಣ ಘಟಕದವರು ಎರಡು ದಿನಕ್ಕೆ ಸಾಕಾಗುವಷ್ಟು ಮಾಲನ್ನಾದರೂ ಒಳಗೆ ಇಟ್ಟುಕೊಳ್ಳಿ. ಅನುಕೂಲವಿದ್ದವರು ಗ್ಯಾಸಿನಿಂದ ಕಾಯಿಸುವ ಪ್ರೀಹೀಟರ್ ಹಾಕಿಸಿ, ನೀರು, ಎಣ್ಣೆ ಎರಡೂ ಹೋಗುತ್ತವೆ, ಕಾದ ಮಾಲು ಬೇಗ ಕರಗುತ್ತದೆ. ಆದರೆ ಎರಡೂ ತುದಿ ಮುಚ್ಚಿದ ತುಂಡನ್ನು ಕಾಯಿಸಿದರೆ ಅದು ಅಲ್ಲಿಯೇ ಸಿಡಿಯುತ್ತದೆ, ಅದಕ್ಕೆ ಮೊದಲೇ ಆರಿಸಿ ತೆಗೆಯಬೇಕು. ಆರಿಸುವ ಕೆಲಸಕ್ಕೆ ಪ್ರತ್ಯೇಕವಾಗಿ ಒಬ್ಬರನ್ನು ನೇಮಿಸಿ, ಅವರಿಗೆ ದಿನಗೂಲಿ ಕೊಡಿ, ಟನ್ನಿನ ಲೆಕ್ಕ ಬೇಡ. ಮುಚ್ಚಿದ ಯಾವ ವಸ್ತುವೂ ಕತ್ತರಿಸಿ ಬಾಯಿ ತೆರೆಯದೆ ಫರ್ನೇಸಿನ ಕಟ್ಟೆ ಹತ್ತಬಾರದು. ನೆನೆದ ಮಾಲನ್ನು ಅನಿವಾರ್ಯವಾಗಿ ಬಳಸಲೇಬೇಕಾದರೆ ತಣ್ಣಗಿನ ಖಾಲಿ ಫರ್ನೇಸಿನ ತಳಕ್ಕೆ ಹಾಕಿ, ನಿಧಾನವಾಗಿ ಪವರ್ ಏರಿಸಿ. ದ್ರವ ಲೋಹ ಕಣ್ಣಿಗೆ ಕಂಡ ಮೇಲೆ ಒಣ ಮಾಲು ಮಾತ್ರ.

ಎರಡನೆಯದು, ಬೇಡವೆನ್ನುವ ಅಧಿಕಾರ. ಗೇಟಿನಲ್ಲಿ ನೆನೆದ ಲಾರಿಯನ್ನು ಹಿಂದಕ್ಕೆ ಕಳಿಸುವ ಅಧಿಕಾರ ಸ್ಟೋರಿನವನಿಗೆ ಇರಲಿ, ಗಾಡಿಯನ್ನು ಹಿಂದಕ್ಕೆ ಕಳಿಸುವ ಅಧಿಕಾರ ಆಪರೇಟರನಿಗೆ ಇರಲಿ, ಅದಕ್ಕಾಗಿ ಯಾರ ಪಗಾರವನ್ನೂ ಮುರಿಯುವುದಿಲ್ಲ ಎಂದು ಬರೆದು ಗೋಡೆಗೆ ಹಚ್ಚಿ. ಕನ್ನಡ, ಮರಾಠಿ, ಹಿಂದಿ, ಒಡಿಯಾ, ನಿಮ್ಮಲ್ಲಿ ಯಾರಿದ್ದಾರೋ ಅವರ ಭಾಷೆಯಲ್ಲಿ.

ಇದೇನೂ ನಾನು ಹೊಸದಾಗಿ ಕಟ್ಟಿದ ಬೇಡಿಕೆಯಲ್ಲ. 1948ರ ಕಾರ್ಖಾನೆಗಳ ಕಾಯ್ದೆಯ ಮೊದಲ ಅನುಸೂಚಿ ಅಪಾಯಕಾರಿ ಪ್ರಕ್ರಿಯೆಯ ಉದ್ಯಮಗಳನ್ನು ಪಟ್ಟಿ ಮಾಡಿತ್ತು. ಕಬ್ಬಿಣದ್ದಿರಲಿ, ಬೇರೆ ಲೋಹದ್ದಿರಲಿ, ಫೌಂಡ್ರಿ ಅದರಲ್ಲಿ ಇತ್ತು. ತಕ್ಷಣದ ಅಪಾಯವಿದೆ ಎಂದು ಅನ್ನಿಸಿದಾಗ ಅದನ್ನು ಮಾಲೀಕರ ಗಮನಕ್ಕೆ ತರುವ ಹಕ್ಕನ್ನು ಅದೇ ಕಾಯ್ದೆಯ 41ಎಚ್ ಕಲಮು ಕಾರ್ಮಿಕನಿಗೆ ಕೊಟ್ಟಿತ್ತು. ಕೂಡಲೇ ಕ್ರಮ ತೆಗೆದುಕೊಂಡು ಇನ್‌ಸ್ಪೆಕ್ಟರರಿಗೆ ವರದಿ ಕಳಿಸುವ ಹೊಣೆ ಮಾಲೀಕರದ್ದಾಗಿತ್ತು. ನನ್ನ ಇಡೀ ನೌಕರಿಯಲ್ಲಿ ಈ ಕಲಮನ್ನು ಯಾವ ಕಾರ್ಮಿಕನೂ ಬಳಸಿದ್ದನ್ನು ನಾನು ಕಾಣಲಿಲ್ಲ. ಅದು ಇದೆ ಎಂದು ಅವನಿಗೆ ಹೇಳಿದವರೇ ಇರಲಿಲ್ಲ.

ಈಗ ಅಧಿಕಾರಿಗಳಿಗೆ ನನ್ನ ವಿನಂತಿ. 2025ರ ನವೆಂಬರ್ 21ರಿಂದ ಆ ಕಾಯ್ದೆಯ ಜಾಗದಲ್ಲಿ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ ಜಾರಿಗೆ ಬಂದಿದೆ. ವಿದ್ಯುತ್ ಬಳಸುವ ಕಡೆ ಹತ್ತು ಜನರಿದ್ದರೆ ಕಾರ್ಖಾನೆ ಎನ್ನುತ್ತಿದ್ದ ಮಿತಿ ಈಗ ಇಪ್ಪತ್ತಕ್ಕೆ ಏರಿದೆ. ಹದಿನೈದು ಜನರಿರುವ, ಕಾಲು ಟನ್ನಿನ ಫರ್ನೇಸ್ ಇರುವ ಘಟಕಗಳು ನಮ್ಮಲ್ಲಿ ಬೇಕಾದಷ್ಟಿವೆ. ‘ನಾವು ಕಾರ್ಖಾನೆಯೇ ಅಲ್ಲ’ ಎಂಬ ಮಾತು ಅಲ್ಲಿಂದ ಈಗಾಗಲೇ ಕೇಳಿಬರುತ್ತಿದೆ. ಲೋಹ ಕರಗಿಸುವ ಯಾವ ಘಟಕವೂ, ಅಲ್ಲಿ ಎಷ್ಟೇ ಜನರಿರಲಿ, ತಪಾಸಣೆಯ ಕಣ್ಣಿಗೆ ಮರೆಯಾಗದಂತೆ ನೋಡಿಕೊಳ್ಳಬೇಕು. ಪ್ರತಿ ಕೆಲಸಗಾರನಿಗೂ ನೇಮಕಾತಿ ಪತ್ರ ಕೊಡಬೇಕು ಎಂದು ಅದೇ ಸಂಹಿತೆ ಹೇಳುತ್ತದೆ. ಆ ಪತ್ರವಿದ್ದರೆ ಗಾಯಗೊಂಡವನನ್ನು ‘ನಮ್ಮ ಆಳಲ್ಲ, ಗುತ್ತಿಗೆದಾರನ ಆಳು’ ಎಂದು ಹೇಳಿ ಮಾಲೀಕರು ಕೈತೊಳೆದುಕೊಳ್ಳುವುದು ಕಷ್ಟವಾಗುತ್ತದೆ. ಇಎಸ್‌ಐ (ಕಾರ್ಮಿಕರ ವಿಮೆ) ಚೀಟಿ ಇಲ್ಲದೆ ಆಸ್ಪತ್ರೆಯ ಬಾಗಿಲಲ್ಲಿ ನಿಲ್ಲುವ ಪಾಡೂ ತಪ್ಪೀತು.

ತಪಾಸಣೆಗೆ ಬರುವಾಗ ದಯವಿಟ್ಟು ಜುಲೈಯಲ್ಲಿ ಬನ್ನಿ, ರಾತ್ರಿ ಪಾಳಿಯಲ್ಲಿ ಬನ್ನಿ. ಫೆಬ್ರವರಿಯ ಹಗಲಿನಲ್ಲಿ ಎಲ್ಲ ಸ್ಕ್ರ್ಯಾಪೂ ಒಣಗಿಯೇ ಇರುತ್ತದೆ. ಆಫೀಸಿನ ಕಡತಗಳಿಗಿಂತ ಮೊದಲು ಅಂಗಳವನ್ನು ನೋಡಿ. ಫರ್ನೇಸಿನ ಕೆಳಗಿನ ಗುಂಡಿಗೆ ಟಾರ್ಚ್ ಹಾಕಿ. ಲೀಕೇಜ್ ಡಿಟೆಕ್ಟರಿನ ಟೆಸ್ಟ್ ಬಟನನ್ನು ನಿಮ್ಮ ಕೈಯಿಂದಲೇ ಒತ್ತಿ. ತಲೆ ಎತ್ತಿ ಚಾವಣಿಯ ತಗಡನ್ನೂ ಒಮ್ಮೆ ನೋಡಿ. ಅಲ್ಲಿ ಮೆತ್ತಿಕೊಂಡಿರುವ ಕಬ್ಬಿಣದ ಹನಿಗಳು ಯಾವ ರಿಜಿಸ್ಟರೂ ಹೇಳದ್ದನ್ನು ಹೇಳುತ್ತವೆ. ಯಾರಿಗೂ ಗಾಯವಾಗದೆ ಹೋದ ಸ್ಫೋಟಗಳನ್ನು ಯಾರೂ ಬರೆದಿಡುವುದಿಲ್ಲ. ಅವನ್ನೂ ಬರೆದಿಡಿಸಿ, ಬರೆದ ಘಟಕಕ್ಕೆ ನೋಟಿಸು ಕೊಡಬೇಡಿ, ಬರೆಯದೆ ಇದ್ದವರಿಗೆ ಕೊಡಿ. ವರದಿಯಲ್ಲಿ ‘ಕಾರ್ಮಿಕನ ಅಜಾಗರೂಕತೆ’ ಎಂದಿದ್ದರೆ, ಆ ಸ್ಕ್ರ್ಯಾಪ್ ಎಲ್ಲಿಂದ ಬಂತು, ಎಲ್ಲಿ ಇತ್ತು, ಯಾರು ಆರಿಸಿದರು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಗುವವರೆಗೆ ಅದನ್ನು ಒಪ್ಪಿಕೊಳ್ಳಬೇಡಿ.

ಇವೆಲ್ಲವನ್ನೂ ಈಗಾಗಲೇ ಮಾಡುತ್ತಿರುವ ಫೌಂಡ್ರಿಗಳು ನಮ್ಮ ಊರಿನಲ್ಲಿಯೇ ಇವೆ. ಹೊರದೇಶದ ಗಿರಾಕಿ ಆಡಿಟ್‌ಗೆ ಬರುತ್ತಾನೆಂಬ ಭಯಕ್ಕೆ ಮಾಡಿದವರು ಕೆಲವರು, ಮನಸ್ಸಿದ್ದು ಮಾಡಿದವರು ಕೆಲವರು. ಕಾರಣ ಏನೇ ಇರಲಿ, ಅವರಿಗೆ ನಮಸ್ಕಾರ. ಪಕ್ಕದ ಪ್ಲಾಟಿನವರು ಅವರ ಅಂಗಳಕ್ಕೆ ಹೋಗಿ ನೋಡಿ ಬರಲು ಯಾವ ಅನುಮತಿಯೂ ಬೇಕಿಲ್ಲ, ಒಂದು ಫೋನ್ ಕರೆ ಸಾಕು. ಶೆಡ್ಡಿನ ಖರ್ಚು ಭಾರವಾಗುವ ಸಣ್ಣ ಘಟಕದವರು ನಾಲ್ಕಾರು ಜನ ಸೇರಿ ಒಂದೇ ಗೋದಾಮು ಕಟ್ಟಿಕೊಂಡು ಹಂಚಿಕೊಳ್ಳಬಹುದು. ಇದಕ್ಕೆ ನಿಮ್ಮ ಸಂಘಗಳೇ ಮುಂದಾಗಲಿ.

ಮೇ ತಿಂಗಳ ಕೊನೆಯೊಳಗೆ ಮಾಲೀಕರು, ಕಾರ್ಮಿಕರು, ಸ್ಕ್ರ್ಯಾಪ್ ವ್ಯಾಪಾರಿಗಳು, ಅಧಿಕಾರಿಗಳು ಸೇರಿ ಒಂದು ಸಭೆ ನಡೆಸಬೇಕೆಂದು ಕೋರುತ್ತೇನೆ. ವ್ಯಾಪಾರಿಗಳನ್ನು ಬಿಡಬೇಡಿ, ಮುಚ್ಚಿದ ಪೈಪು ಹೊರಡುವುದು ಅವರ ಅಂಗಡಿಯಿಂದ. ಸಭೆಗೆ ಕರೆದರೆ ನನ್ನ ಖರ್ಚಿನಲ್ಲಿಯೇ ಬರುತ್ತೇನೆ. ಮಾಲು ಆರಿಸುವುದು ಹೇಗೆ, ಸಲಾಕೆ ಕಾಯಿಸುವುದು ಹೇಗೆ, ಲ್ಯಾಡಲ್ ಒಣಗಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ ಎಂಬುದನ್ನು ಹೊಸ ಹುಡುಗರಿಗೆ ಯಾವ ಘಟಕದಲ್ಲಾದರೂ ಬಂದು ತೋರಿಸಿಕೊಡಲು ಸಿದ್ಧನಿದ್ದೇನೆ. ಪಾಠಕ್ಕೆ ಸಂಬಳ ಬೇಡ. ನಾನು ಬಂದ ದಿನ ಶೆಡ್ಡಿನ ಕಂಬಗಳಾದರೂ ನಿಂತಿರಲಿ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಮೆಲ್ಟಿಂಗ್ ಮೇಲ್ವಿಚಾರಕ
ಉದ್ಯಮಬಾಗ, ಬೆಳಗಾವಿ